ತಿರುವಿನಲ್ಲಿ ಶೂ ತುದಿ ಮುಂದಿನ ಚಕ್ರಕ್ಕೆ ತಾಗುತ್ತಿದೆ, ಸೈಕಲ್ ಮಾರಿಬಿಡಲೇ?

ಪ್ರಶ್ನೆ: ನನಗೆ 34 ವರ್ಷ, ಎತ್ತರ 5 ಅಡಿ 2 ಇಂಚು. ಮೈಸೂರಿನಲ್ಲಿದ್ದೇನೆ. ಜನವರಿಯಲ್ಲಿ ಹೊಸ ರೋಡ್ ಬೈಕ್ ತೆಗೆದುಕೊಂಡೆ. ಎಕ್ಸ್‌ಎಸ್ ಸೈಜು, ಅಲ್ಯೂಮಿನಿಯಂ ಫ್ರೇಮು, ಮುಂದಿನ ಚಕ್ರ ಹಿಡಿಯುವ ಫೋರ್ಕು ಕಾರ್ಬನ್ನಿನದು, ಡಿಸ್ಕ್ ಬ್ರೇಕು. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್ ಮೇಲೆ 170 (ಮಿ.ಮೀ) ಅಂತ ಬರೆದಿದೆ. ಜೊತೆಗೆ ಬಂದ ಟೈರು 28 ಮಿ.ಮೀ ಅಗಲದ್ದು. ನಮ್ಮ ರಸ್ತೆಗೆ ಸಾಲದು ಅಂತ 32 ಹಾಕಿಸಿದೆ. ಜೂನ್‌ನಲ್ಲಿ ಮಳೆ ಶುರುವಾದಾಗ ಉದ್ದನೆಯ ಮಡ್‌ಗಾರ್ಡ್ ಕೂಡ ಹಾಕಿಸಿದೆ. ಮೊದಲು ಅಪರೂಪಕ್ಕೆ ತಾಗುತ್ತಿತ್ತೇನೋ, ಗಮನಿಸಿರಲಿಲ್ಲ. ಈಗ ಬೀದಿ ಕೊನೆಯಲ್ಲಿ ಯು-ಟರ್ನ್ ಹೊಡೆಯುವಾಗಲೆಲ್ಲ ಶೂ ತುದಿ ಮುಂದಿನ ಮಡ್‌ಗಾರ್ಡಿಗೆ ಬಡಿಯುತ್ತದೆ. ಹೋದ ವಾರ ಸಿಗ್ನಲ್ ಬಿಟ್ಟಾಗ ಬಲಗಾಲು ಒತ್ತಿ ಹೊರಟೆ. ಬಲಗಡೆಯಿಂದ ಆಟೋ ನುಗ್ಗಿತು ಅಂತ ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ. ಕಾಲು ಸಿಕ್ಕಿಕೊಂಡಂತಾಗಿ ಬಿದ್ದೆ. ಮೊಣಕೈ ತರಚಿತು. ಅಂಗಡಿಯವರು "ರೋಡ್ ಬೈಕ್ ಎಲ್ಲಾ ಹೀಗೇ ಮೇಡಂ" ಅಂತಾರೆ. ಜೊತೆಗೆ ಸೈಕಲ್ ಹೊಡೆಯುವವರೊಬ್ಬರು ಫ್ರೇಮ್ ಸೈಜೇ ತಪ್ಪು, ಒಂದು ಸೈಜು ದೊಡ್ಡದು ತಗೋಬೇಕಿತ್ತು ಅಂತಾರೆ. ನಮ್ಮ ಯಜಮಾನರ ಸ್ನೇಹಿತರದ್ದು ವೆಲ್ಡಿಂಗ್ ಅಂಗಡಿ. ಅವರು ಫೋರ್ಕನ್ನು ಚೂರು ಮುಂದಕ್ಕೆ ಎಳೆದುಕೊಡ್ತೀನಿ ಅಂದಿದ್ದಾರೆ. ನನಗೆ ನಿಜವಾದ ಭಯ ಚಾಮುಂಡಿ ಬೆಟ್ಟ ಇಳಿಯುವಾಗ ಹೀಗಾದರೆ ಏನು ಗತಿ ಅನ್ನುವುದು. ಮಾರಿಬಿಡಲೇ?

ಉತ್ತರ: ಸದ್ಯಕ್ಕೆ ಮಾರಬೇಡಿ. ಫೋರ್ಕನ್ನಂತೂ ಯಾರ ಕೈಗೂ ಕೊಡಬೇಡಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ನಿಮ್ಮ ಪತ್ರದಲ್ಲಿ ಮೂರು ಆತಂಕ ಕಾಣುತ್ತಿವೆ. ಅಂಗಡಿಯಲ್ಲಿ ಮೋಸ ಹೋದೆನಾ, ವೇಗದಲ್ಲಿ ಬೀಳುತ್ತೇನಾ, ಇದಕ್ಕೆ ಪರಿಹಾರ ಇದೆಯಾ. ಸೈಕಲ್ ಫಿಟ್ಟಿಂಗ್ ಮಾಡುವ ನನ್ನ ಬಳಿ ಚಿಕ್ಕ ಸೈಜಿನ ರೋಡ್ ಬೈಕ್ ತರುವವರಲ್ಲಿ ಬಹಳ ಜನ ಇದೇ ಮಾತಿನಿಂದ ಶುರು ಮಾಡುತ್ತಾರೆ. ಇದಕ್ಕೆ ಸೈಕಲ್ ಮಂದಿ ಟೋ ಓವರ್‌ಲ್ಯಾಪ್ ಅನ್ನುತ್ತಾರೆ. ಪೆಡಲ್ ಮುಂದೆ ಬಂದಾಗ ಶೂ ತುದಿ ಇರುವ ಜಾಗಕ್ಕೇ, ಹ್ಯಾಂಡಲ್ ತಿರುಗಿಸಿದಾಗ ಚಕ್ರದ ಹಿಂಭಾಗವೂ ಬರುತ್ತದೆ. ಒಂದೇ ಜಾಗಕ್ಕೆ ಇಬ್ಬರು ಗಿರಾಕಿಗಳು, ಅಷ್ಟೇ.

ಅಂಗಡಿಯವರು ಹೇಳಿದ್ದು ಅರ್ಧ ನಿಜ. ರೋಡ್ ಬೈಕ್ ಎಲ್ಲಾ ಹೀಗಿರುವುದಿಲ್ಲ. ಆರಡಿ ಆಳಿನ ಸೈಕಲ್‌ನಲ್ಲಿ ಸಾಮಾನ್ಯವಾಗಿ ತಾಗುವುದಿಲ್ಲ. ಚಿಕ್ಕ ಫ್ರೇಮುಗಳಲ್ಲಿ ತಾಗುವುದೇ ಜಾಸ್ತಿ. ಯಾಕೆಂದರೆ ಮನುಷ್ಯರಿಗೆ ತಕ್ಕಂತೆ ಫ್ರೇಮ್ ಚಿಕ್ಕದಾಗುತ್ತದೆ, ಚಕ್ರ ಮಾತ್ರ ಚಿಕ್ಕದಾಗುವುದಿಲ್ಲ. ಐದಡಿಯವರಿಗೂ ಆರಡಿಯವರಿಗೂ ಅದೇ 700ಸಿ ಚಕ್ರ, ಟೈರ್ ಕೂರುವ ಜಾಗದ ವ್ಯಾಸ ಅದೇ 622 ಮಿ.ಮೀ.

ನಿಮ್ಮ ಸೈಕಲ್ ಲೆಕ್ಕವನ್ನೇ ಹಾಕೋಣ. ಕಂಪನಿಯವರ ಅಳತೆಪಟ್ಟಿಯಲ್ಲಿ ಫ್ರಂಟ್ ಸೆಂಟರ್ ಅಂತ ಒಂದು ಸಾಲು ಇರುತ್ತದೆ. ಪೆಡಲ್ ಕ್ರ್ಯಾಂಕ್ ತಿರುಗುವ ನಡುಬಿಂದುವಿನಿಂದ ಮುಂದಿನ ಚಕ್ರದ ನಡುಬಿಂದುವಿಗೆ ಇರುವ ದೂರ ಅದು. ಎಕ್ಸ್‌ಎಸ್ ರೋಡ್ ಬೈಕ್‌ನಲ್ಲಿ ಅದು 575 ಮಿ.ಮೀ ಆಸುಪಾಸು ಇರುತ್ತದೆ. ಅದರಲ್ಲಿ ಕ್ರ್ಯಾಂಕಿನ 170 ಕಳೆಯಿರಿ, 405 ಉಳಿಯಿತು. 32ರ ಟೈರು ಹಾಕಿದ ಚಕ್ರದ ತ್ರಿಜ್ಯ 311 ಕೂಡಿಸು 32, ಅಂದರೆ 343. ಅದನ್ನೂ ಕಳೆದರೆ ಉಳಿಯುವುದು ಬರೀ 62 ಮಿ.ಮೀ. ಮಡ್‌ಗಾರ್ಡ್ ಮತ್ತು ಅದರ ಸಂದು ಸೇರಿ ಇನ್ನೊಂದು 12 ಮಿ.ಮೀ ತಿಂದರೆ 50. ಐದು ಸೆಂಟಿಮೀಟರ್! ಪೆಡಲ್‌ನ ನಡುಗೆರೆಯಿಂದ ಮಡ್‌ಗಾರ್ಡಿನವರೆಗೆ ಇರುವ ಜಾಗ ಅಷ್ಟೇ. ಇದು ಒರಟು ಲೆಕ್ಕ, ನಿಮ್ಮ ಪಟ್ಟಿಯ ಅಂಕಿ ಹಾಕಿದರೆ ಅತ್ತಿತ್ತ ಆಗಬಹುದು. ಆದರೆ ಶೂ ತುದಿ ಪೆಡಲ್ ನಡುಗೆರೆಗಿಂತ ಎಂಟೊಂಬತ್ತು ಸೆಂಟಿಮೀಟರಾದರೂ ಮುಂದಿರುತ್ತದಲ್ವಾ? ತಾಗದೆ ಏನು ಮಾಡೀತು.

ಹೋಲಿಕೆಗೆ ಒಂದು ಅಂಕಿ ಹೇಳುತ್ತೇನೆ. ಅಮೆರಿಕದ ಸೈಕಲ್ ಸುರಕ್ಷತಾ ನಿಯಮದ ಪ್ರಕಾರ ಪೆಡಲ್ ನಡುವಿನಿಂದ ಟೈರಿಗೆ ಅಥವಾ ಮಡ್‌ಗಾರ್ಡಿಗೆ, ಚಕ್ರ ಎತ್ತ ತಿರುಗಿದರೂ, ಕನಿಷ್ಠ 89 ಮಿ.ಮೀ ಜಾಗ ಇರಬೇಕು. ಆದರೆ ಕಾಲನ್ನು ಪೆಡಲ್‌ಗೆ ಹಿಡಿದಿಡುವ ಕ್ಲಿಪ್ಪು ಗಿಪ್ಪು ಇರುವ ಸೈಕಲ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ರೇಸ್ ಜಾತಿಯ ಸೈಕಲ್‌ಗಳು ಆ ಬಾಗಿಲಿನಿಂದ ಆಚೆ ಹೋಗುತ್ತವೆ. ಹಾಗಾಗಿ ತಾಗುವುದನ್ನು ತಯಾರಿಕೆಯ ದೋಷ ಅಂತ ವಾರಂಟಿ ಕೇಳಿದರೆ ಪ್ರಯೋಜನವಾಗುವುದಿಲ್ಲ. ಮಾರುವಾಗಲೇ ಅಂಗಡಿಯವರು ಒಂದು ಮಾತು ಹೇಳಬಹುದಿತ್ತು ಅನ್ನುವುದು ಬೇರೆ ವಿಷಯ. ಆ ದೂರು ನ್ಯಾಯವಾದದ್ದೇ.

ನಮ್ಮ ಅಪ್ಪ, ತಾತನ ಕರಿ ಸೈಕಲ್ ನೆನಪಿದೆಯಾ? ಅದರ 28 ಇಂಚಿನ ಚಕ್ರ ನಿಮ್ಮದಕ್ಕಿಂತಲೂ ದೊಡ್ಡದು. ಆದರೂ ಯಾರ ಚಪ್ಪಲಿಯೂ ಅದಕ್ಕೆ ತಾಗಿದ್ದನ್ನು ನಾನು ಕಂಡಿಲ್ಲ. ಅದರ ಫೋರ್ಕು ಚೆನ್ನಾಗಿ ಮುಂದಕ್ಕೆ ವಾಲಿರುತ್ತದೆ, ಸೈಕಲ್ಲೂ ಉದ್ದ. ಹಾಲಿನ ಕ್ಯಾನು, ಗೊಬ್ಬರದ ಚೀಲ ಹೊತ್ತು ನೆಟ್ಟಗೆ ಹೋಗಲಿ ಅಂತ ಮಾಡಿದ ಗಾಡಿ ಅದು. ರೋಡ್ ಬೈಕ್ ಚುರುಕಾಗಿ ತಿರುಗಬೇಕು, ಕೈ ಸುಲಭವಾಗಿ ಎಟುಕಬೇಕು. ಅದಕ್ಕೇ ಮುಂದಿನ ಚಕ್ರ ಹತ್ತಿರ ಬಂದಿದೆ. ಚಿಕ್ಕ ಸೈಜಿನಲ್ಲಿ ಚಕ್ರವನ್ನು ದೂರ ತಳ್ಳಬೇಕೆಂದರೆ ಫೋರ್ಕನ್ನು ಇನ್ನಷ್ಟು ವಾಲಿಸಬೇಕು, ಆಗ ನಿಧಾನವಾಗಿ ಹೋಗುವಾಗ ಹ್ಯಾಂಡಲ್ ತಾನೇ ಪಕ್ಕಕ್ಕೆ ಹೊರಳುತ್ತದೆ. ಇಲ್ಲವೇ ಫ್ರೇಮನ್ನು ಉದ್ದ ಮಾಡಬೇಕು, ಆಗ ಕೈ ಎಟುಕುವುದಿಲ್ಲ. ತಯಾರಕರು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿ, ಉಳಿದ ತೊಂದರೆಯನ್ನು ನಿಮ್ಮ ಕಾಲ್ಬೆರಳಿಗೆ ಬಿಟ್ಟಿದ್ದಾರೆ.

ಚಕ್ರವನ್ನೇ ಚಿಕ್ಕದು ಮಾಡಿದವರೂ ಇದ್ದಾರೆ. ಅಮೆರಿಕದ ಎಂಜಿನಿಯರ್ ಜಾರ್ಜೀನಾ ಟೆರ್ರಿ 1985ರಲ್ಲಿ ಹೆಂಗಸರಿಗಾಗಿ ಸೈಕಲ್ ಕಂಪನಿ ಶುರು ಮಾಡಿದರು. ಅವರ ಚಿಕ್ಕ ಸೈಜಿನ ಸೈಕಲ್‌ಗಳಿಗೆ ಹಿಂದೆ 700ಸಿ, ಮುಂದೆ ಬರೀ 24 ಇಂಚಿನ ಚಕ್ರ. ನೋಡಲು ವಿಚಿತ್ರ, ಆದರೆ ಕಾಲು ತಾಗುತ್ತಿರಲಿಲ್ಲ. ಎರಡು ಅಳತೆಯ ಟ್ಯೂಬ್ ಹೊತ್ತು ತಿರುಗಬೇಕಿತ್ತು ಅನ್ನುವುದೊಂದೇ ಕಿರಿಕಿರಿ.

ಈಗ ಬೆಟ್ಟದ ಭಯಕ್ಕೆ ಬರೋಣ. ನಿಮ್ಮ ಕಾಲು ಪೆಡಲ್‌ನ ಹೊರಬದಿಗಿರುತ್ತದೆ, ಚಕ್ರ ನಡುವಿನಲ್ಲಿರುತ್ತದೆ. ಎರಡೂ ಸೇರಬೇಕಾದರೆ ಹ್ಯಾಂಡಲ್ ಹೆಚ್ಚುಕಡಿಮೆ 15ರಿಂದ 20 ಡಿಗ್ರಿ ತಿರುಗಬೇಕು. ಅಷ್ಟು ತಿರುಗಿಸಿದರೆ ಸೈಕಲ್ ಸುಮಾರು ಮೂರು ಮೀಟರ್ ತ್ರಿಜ್ಯದ ಸುತ್ತು ಹಾಕುತ್ತದೆ. ನಿಮ್ಮ ಬೀದಿಯ ಯು-ಟರ್ನ್ ಅಂಥದ್ದು. ಗಂಟೆಗೆ 20 ಕಿ.ಮೀ ವೇಗದಲ್ಲಿ ಅಷ್ಟು ಕಿರಿದಾಗಿ ತಿರುಗಿಸಲು ಹೊರಟರೆ ಬೆರಳು ತಾಗುವ ಮೊದಲೇ ಟೈರು ಜಾರಿರುತ್ತದೆ. ಇಳಿಜಾರಿನಲ್ಲಿ, 15 ಮೀಟರ್ ತ್ರಿಜ್ಯದ ಒಂದು ಬಿಗಿ ತಿರುವನ್ನು 30 ಕಿ.ಮೀನಲ್ಲಿ ತೆಗೆದುಕೊಂಡರೆ ಹ್ಯಾಂಡಲ್ ತಿರುಗುವುದು ಮೂರು ನಾಲ್ಕು ಡಿಗ್ರಿ ಮಾತ್ರ. ಸೈಕಲ್ ವಾಲುವುದರಿಂದ ತಿರುಗುತ್ತದೆ, ಹ್ಯಾಂಡಲ್‌ನಿಂದಲ್ಲ. ಅದೂ ಅಲ್ಲದೆ ಇಳಿಯುವಾಗ ಹೊರಗಿನ ಕಾಲು ಕೆಳಗೆ ಇಟ್ಟಿರುತ್ತೀರಿ, ಮುಂದೆ ಅಲ್ಲ. ಬೆಟ್ಟ ಇಳಿಯುವಾಗ ಇದಕ್ಕೆ ಹೆದರಬೇಡಿ, ಬ್ರೇಕ್ ಪ್ಯಾಡ್ ನೋಡಿಕೊಳ್ಳಿ.

ಹೆದರಬೇಕಾದ್ದು ಹತ್ತುವಾಗ. ಇದನ್ನು ಯಾರೂ ಹೇಳುವುದಿಲ್ಲ. ಕಡಿದಾದ ಜಾಗದಲ್ಲಿ ದಮ್ಮು ಕಟ್ಟಿ, ರಸ್ತೆ ತುಂಬ ಹಾವಿನಂತೆ ಅತ್ತಿತ್ತ ಹೊಡೆಯುತ್ತೇವಲ್ಲ, ಆಗ ವೇಗ ಏಳೆಂಟು ಕಿ.ಮೀ ಇರುತ್ತದೆ. ಹ್ಯಾಂಡಲ್ ದೊಡ್ಡದಾಗಿ ತಿರುಗುತ್ತಿರುತ್ತದೆ. ಪೆಡಲ್ ನಿಲ್ಲಿಸಿದರೆ ಸೈಕಲ್ಲೇ ನಿಲ್ಲುತ್ತದೆ. ನಂದಿ ಬೆಟ್ಟದ ಕೊನೆಯ ತಿರುವುಗಳಲ್ಲಿ ಹೀಗೆ ಬಿದ್ದು ಬಂದವರನ್ನು ನಾನು ನೋಡಿದ್ದೇನೆ. ಗಾಯ ದೊಡ್ಡದಲ್ಲ. ಆದರೆ ಹಿಂದೆ ಕಾರು ಬರುತ್ತಿದ್ದರೆ ಕಥೆ ಬೇರೆ.

ತಾಗಿದ ಮಾತ್ರಕ್ಕೆ ಬೀಳುವುದು ಯಾಕೆ? ನಿಧಾನವಾಗಿ ಹೋಗುವಾಗ ಸೈಕಲ್ ಎತ್ತ ವಾಲುತ್ತದೋ ಅತ್ತಲೇ ಹ್ಯಾಂಡಲ್ ತಿರುಗಿಸಿ ನಾವು ಸಮತೋಲ ಹಿಡಿಯುತ್ತೇವೆ. ಗೊತ್ತಿಲ್ಲದೆಯೇ ಮಾಡುತ್ತೇವೆ. ನೀವು ಎಡಕ್ಕೆ ತಿರುಗಿಸಿದಿರಿ, ಚಕ್ರದ ಹಿಂಭಾಗ ಬಲಕ್ಕೆ ಬಂತು. ಅಲ್ಲಿ ಬಲಗಾಲು ಅಡ್ಡ ಇತ್ತು. ಸೈಕಲ್ ಎಡಕ್ಕೆ ಇನ್ನೂ ವಾಲಿತು, ಇನ್ನಷ್ಟು ಎಡಕ್ಕೆ ತಿರುಗಿಸಲು ನಿಮ್ಮದೇ ಶೂ ಬಿಡಲಿಲ್ಲ. ಎಡಕ್ಕೇ ಬಿದ್ದಿರಬೇಕು. ತರಚಿದ್ದು ಎಡ ಮೊಣಕೈ ಅಂತ ನನ್ನ ಊಹೆ.

ಇದರಿಂದ ಒಂದು ಸೂತ್ರ ಸಿಗುತ್ತದೆ: ತಾಗುವುದು ಯಾವಾಗಲೂ ತಿರುವಿನ ಹೊರಗಿನ ಕಾಲು. ನಮ್ಮಲ್ಲಿ ಎಡಬದಿಯ ಸಂಚಾರ, ಯು-ಟರ್ನ್ ಬಲಕ್ಕೆ. ಆದ್ದರಿಂದ ಯು-ಟರ್ನ್‌ನಲ್ಲಿ ತಾಗುವುದು ಎಡಗಾಲು. ಬಲಗಾಲು ಮುಂದಿಟ್ಟುಕೊಂಡು ತಿರುಗಿದರೆ ಮುಗಿಯಿತು. ಅರ್ಧ ತಿರುವಿನಲ್ಲಿ ವೇಗ ಸತ್ತರೆ? ಪೂರ್ತಿ ಸುತ್ತು ಪೆಡಲ್ ಹೊಡೆಯಬೇಡಿ. ಬಲಗಾಲನ್ನು ಕಾಲು ಸುತ್ತು ಒತ್ತಿ, ಅಷ್ಟನ್ನೇ ಹಿಂದಕ್ಕೆ ತಿರುಗಿಸಿ, ಮತ್ತೆ ಒತ್ತಿ. ಚಿಕ್ಕವರಿದ್ದಾಗ ದೊಡ್ಡ ಸೈಕಲ್ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದಿದ್ದರೆ ಇದು ನಿಮಗೆ ಗೊತ್ತೇ ಇದೆ. ಆಗ ಪೂರ್ತಿ ಸುತ್ತು ಎಟುಕದೆ ಕಟಕ್ ಕಟಕ್ ಅಂತ ಅರ್ಧ ಪೆಡ್ಲು ಹೊಡೆಯುತ್ತಿದ್ದೆವಲ್ಲ, ಅದೇ. ಒಂದು ಖಾಲಿ ಮೈದಾನದಲ್ಲಿ ದಿನಾ ಹತ್ತು ನಿಮಿಷ ಎಂಟರ ಆಕಾರದಲ್ಲಿ ಸುತ್ತಿ. ಎರಡು ವಾರದಲ್ಲಿ ಕಾಲು ತಾನೇ ಕಲಿಯುತ್ತದೆ. ಬೇಕಂತಲೇ ಒಂದೆರಡು ಸಲ ಮೆಲ್ಲಗೆ ತಾಗಿಸಿಯೂ ನೋಡಿ, ಮಡ್‌ಗಾರ್ಡ್ ಬಿಚ್ಚಿದ ಮೇಲೆ. ಬರೀ ಟೈರಿಗೆ ತಾಗಿದರೆ ಸವರಿಕೊಂಡು ಹೋಗುತ್ತದೆ. ಗಾಬರಿಯಿಂದ ಮುಂದಿನ ಬ್ರೇಕ್ ಹಿಡಿಯುವುದೇ ಎಷ್ಟೋ ಸಲ ಬೀಳಿಸುತ್ತದೆ. ತಾಗಿದ ಕೂಡಲೇ ಪೆಡಲ್ ಹಿಂದಕ್ಕೆ ತಿರುಗಿಸಿ, ಕಾಲು ಬಿಡಿಸಿಕೊಳ್ಳುತ್ತದೆ.

ಸಿಗ್ನಲ್‌ನಲ್ಲಿ ಹೊರಡುವಾಗ ಮೊದಲ ಎರಡು ಸುತ್ತು ನೆಟ್ಟಗೆ ಹೋಗಿ, ಆಮೇಲೆ ತಿರುಗಿಸಿ. ಆಟೋ ನುಗ್ಗುವ ಊರಿನಲ್ಲಿ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ, ಗೊತ್ತು. ಹಗುರ ಗೇರಿನಲ್ಲಿ ಹೊರಟರೆ ಓಲಾಟ ಕಡಿಮೆ ಆಗುತ್ತದೆ.

ಮಡ್‌ಗಾರ್ಡ್ ಬಿಚ್ಚಿ ಅಂದೆ. ಆ ಫೋರ್ಕಿನ ಮಾತು ಬಿಟ್ಟರೆ ನಿಮ್ಮ ಇಡೀ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಅದೊಂದೇ. ಟೈರಿಗೆ ಶೂ ತಾಗಿದರೆ ಉಜ್ಜುತ್ತದೆ. ಉದ್ದನೆಯ ಮಡ್‌ಗಾರ್ಡಿಗೆ ಬಡಿದರೆ ಅದು ಬಗ್ಗಿ ಟೈರಿಗೆ ಒತ್ತಬಹುದು, ಅದನ್ನು ಹಿಡಿದಿರುವ ಕಡ್ಡಿ ಬಿಟ್ಟುಕೊಳ್ಳಬಹುದು. ತಿರುಗುವ ಟೈರು ಮಡ್‌ಗಾರ್ಡನ್ನು ಮೇಲಕ್ಕೆ ಎಳೆದುಕೊಂಡು ಫೋರ್ಕಿನಲ್ಲಿ ಸಿಕ್ಕಿಸಿದರೆ ಮುಂದಿನ ಚಕ್ರ ಗಪ್ಪಂತ ನಿಲ್ಲುತ್ತದೆ, ಸವಾರರು ಹ್ಯಾಂಡಲ್ ಮೇಲಿಂದ ಹಾರುತ್ತಾರೆ. ಇವತ್ತು ಯು-ಟರ್ನ್‌ನಲ್ಲಿ ಬಡಿದು ಸಡಿಲವಾದದ್ದು ನಾಳೆ ಬೇರೆಲ್ಲೋ ವೇಗದಲ್ಲಿ ಕೈಕೊಡಬಹುದು. ನಾಳೆ ಬೆಳಿಗ್ಗೆಯೇ ಮುಂದಿನದನ್ನು ಬಿಚ್ಚಿಸಿ. ಹಿಂದಿನದು ಇರಲಿ. ಮಳೆಗೆ, ಫ್ರೇಮಿನ ಕೆಳಗಿನ ಓರೆ ಪೈಪಿಗೆ ಕಟ್ಟುವ ಪ್ಲಾಸ್ಟಿಕ್ ತಗಡಿನಂಥದ್ದು ಸಿಗುತ್ತದೆ, ಅದು ಸಾಕು. ಕಾಲು ಸ್ವಲ್ಪ ಒದ್ದೆಯಾಗುತ್ತದೆ. ಉದ್ದದ್ದೇ ಬೇಕು ಅನ್ನುವವರು ಕಡ್ಡಿಗಳಿಗೆ ಎಳೆತ ಬಿದ್ದರೆ ತಾನೇ ಬಿಟ್ಟುಕೊಳ್ಳುವ ಕ್ಲಿಪ್ ಇರುವ ಜಾತಿಯದನ್ನೇ ಹಾಕಿಸಬೇಕು. ಜೊತೆಗೆ ಶೂ ಬಡಿಯುವ ಜಾಗದ ಮೇಲಕ್ಕೆ ಕತ್ತರಿಸಿ, ಕೆಳಗೆ ಮೆತ್ತನೆಯ ರಬ್ಬರ್ ಪಟ್ಟಿ ಕಟ್ಟಿಸಬೇಕು.

ಇನ್ನು ಕಾಲು ಇಡುವ ರೀತಿ. ನೀವು ಬರೆದಿಲ್ಲ, ಆದರೆ ಓಡುವ ಶೂ ಹಾಕಿ, ಪಾದದ ನಡುಭಾಗವನ್ನು ಪೆಡಲ್ ಮೇಲೆ ಇಡುತ್ತಿರಬೇಕು. ನಮ್ಮಲ್ಲಿ ಬಹಳ ಜನ ಹಾಗೇ ಇಡುತ್ತಾರೆ. ಬೆರಳುಗಳ ಬುಡದ ಉಬ್ಬು ಪೆಡಲ್ ನಡುವಿಗೆ ಬರುವಂತೆ ಇಟ್ಟರೆ ಶೂ ತುದಿ ಮೂರು ನಾಲ್ಕು ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಇಷ್ಟು ದೊಡ್ಡ ಲಾಭ, ಅದೂ ಬಿಟ್ಟಿ, ಇನ್ಯಾವುದರಲ್ಲೂ ಇಲ್ಲ. ಮೊದಮೊದಲು ಮೀನಖಂಡ ನೋಯುತ್ತದೆ, ಸೀಟನ್ನು ಚೂರು ಎತ್ತಬೇಕಾಗಬಹುದು. ಪೆಡಲ್‌ಗೆ ಸಿಕ್ಕಿಕೊಳ್ಳುವ ಕ್ಲೀಟ್ ಅಡಿಯಲ್ಲಿರುವ ಶೂ ಹಾಕುವವರು ಆ ಕ್ಲೀಟನ್ನು ಬೆರಳಿನ ಕಡೆಗೆ ಸರಿಸಿದರೆ ಐದು ಮಿ.ಮೀ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಸರಿಸಿ ಹಿಮ್ಮಡಿಯ ನರ ನೋಯಿಸಿಕೊಳ್ಳಬೇಡಿ.

ದುಡ್ಡು ಖರ್ಚು ಮಾಡುವುದಾದರೆ ನಾನು ಕ್ರ್ಯಾಂಕಿಗೆ ಮಾಡುತ್ತೇನೆ. 5 ಅಡಿ 2 ಇಂಚಿಗೆ 170 ಉದ್ದವೇ ಆಯಿತು. 165 ಹಾಕಿದರೆ 5 ಮಿ.ಮೀ, 160 ಹಾಕಿದರೆ 10 ಮಿ.ಮೀ ಜಾಗ ಸಿಗುತ್ತದೆ. ಮೊಣಕಾಲೂ ಕಡಿಮೆ ಮಡಚುತ್ತದೆ, ಅದು ನಿಜವಾದ ಲಾಭ. ನಷ್ಟ ಏನೆಂದರೆ ಏರಿನಲ್ಲಿ ಒಂದು ಗೇರ್ ಹಗುರ ಬೇಕಾಗುತ್ತದೆ. ಕ್ರ್ಯಾಂಕ್ ಎಷ್ಟು ಕಡಿಮೆ ಆಯಿತೋ ಅಷ್ಟು ಸೀಟು ಮೇಲೆ ಹೋಗಬೇಕು, ನಿಂತಾಗ ಕಾಲು ನೆಲಕ್ಕೆ ಎಟುಕುವುದು ಇನ್ನಷ್ಟು ಕಷ್ಟ. ಕೊಳ್ಳುವ ಮೊದಲು ನಿಮ್ಮ ಬಾಟಮ್ ಬ್ರಾಕೆಟ್‌ಗೆ, ಅಂದರೆ ಫ್ರೇಮಿನಲ್ಲಿ ಕ್ರ್ಯಾಂಕ್ ತಿರುಗುವ ಬೇರಿಂಗ್ ಜಾಗಕ್ಕೆ, ಕೂರುತ್ತದಾ ಅಂತ ಮೆಕ್ಯಾನಿಕ್‌ಗೆ ತೋರಿಸಿ.

ಟೈರನ್ನು ಮತ್ತೆ 28ಕ್ಕೆ ಇಳಿಸಿದರೆ ಸಿಗುವುದು ನಾಲ್ಕೇ ಮಿ.ಮೀ. ನಾಲ್ಕು ಮಿ.ಮೀಗಾಗಿ ಗುಂಡಿಗಳ ಹೊಡೆತ ತಿನ್ನಬೇಕಾ? ಬೇಡ. ಡಿಸ್ಕ್ ಬ್ರೇಕ್ ಇರುವುದರಿಂದ 650ಬಿ ಅನ್ನುವ ಚಿಕ್ಕ ಚಕ್ರ ಹಾಕಿಸುವ ದಾರಿಯೂ ಇದೆ. ಅದಕ್ಕೆ 38ರ ದಪ್ಪ ಟೈರ್ ಹಾಕಿದರೂ ಈಗಿನದಕ್ಕಿಂತ 13 ಮಿ.ಮೀ ಜಾಗ ಬರುತ್ತದೆ, ಸವಾರಿ ಮೆತ್ತಗಾಗುತ್ತದೆ. ಆದರೆ ಅಷ್ಟು ದಪ್ಪ ಟೈರ್ ನಿಮ್ಮ ಫ್ರೇಮಿನಲ್ಲಿ ಹಿಡಿಸಬೇಕು. ಸೈಕಲ್ ಅಷ್ಟೇ ತಗ್ಗುವುದರಿಂದ ತಿರುವಿನಲ್ಲಿ, ಹಂಪ್‌ನಲ್ಲಿ ಪೆಡಲ್ ನೆಲಕ್ಕೆ ತಾಗಬಹುದು. ಎರಡು ಚಕ್ರದ ಖರ್ಚು ಬೇರೆ. ನಿಮಗೆ ಈಗ ಅದು ಬೇಕಿಲ್ಲ.

ದೊಡ್ಡ ಫ್ರೇಮ್ ತಗೋಬೇಕಿತ್ತು ಅಂದವರ ಮಾತು ಅರ್ಥವಾಗುತ್ತದೆ, ಒಪ್ಪಲಾರೆ. ಒಂದು ಸೈಜು ಮೇಲೆ ಹೋದರೆ ಕಾಲಿಗೆ ಸಿಗುವುದು ಕೆಲವೇ ಮಿ.ಮೀ, ಕೈ ಚಾಚಬೇಕಾದ್ದು ಅದಕ್ಕಿಂತ ಜಾಸ್ತಿ. ಕುತ್ತಿಗೆ, ಭುಜ ನೋವು ದಿನಾ ಬರುತ್ತದೆ. ಬೆರಳು ತಾಗುವುದು ದಿನಕ್ಕೆ ಎರಡು ಸಲ.

ಇದನ್ನೆಲ್ಲ ನಾನು ಹೇಳುತ್ತಿರುವುದು ನಿಮ್ಮ ಸೈಕಲ್ ಹುಟ್ಟಿನಿಂದಲೇ ಹೀಗಿದೆ ಅಂದುಕೊಂಡು. ಒಂದು ಪರೀಕ್ಷೆ ಮಾಡಿಬಿಡಿ. ಮಡ್‌ಗಾರ್ಡ್ ತೆಗೆದ ಮೇಲೆ, ಶೂ ಹಾಕಿ, ಗೋಡೆಗೆ ಒರಗಿ ಸೈಕಲ್ ಮೇಲೆ ಕೂತು ಒಂದು ಪೆಡಲ್ ಮುಂದೆ ತನ್ನಿ. ಹ್ಯಾಂಡಲ್ ತಿರುಗಿಸುತ್ತಾ ಎಲ್ಲಿ ತಾಗುತ್ತದೆ ನೋಡಿ. ಇನ್ನೊಂದು ಬದಿಗೂ ಹಾಗೇ ಮಾಡಿ. ಎರಡೂ ಬದಿ ಹೆಚ್ಚುಕಡಿಮೆ ಒಂದೇ ಕೋನದಲ್ಲಿ ತಾಗಬೇಕು. ಒಂದು ಬದಿ ಬಹಳ ಬೇಗ ತಾಗಿದರೆ, ಅಥವಾ ಗುಂಡಿಗೋ ಕಲ್ಲಿಗೋ ಜೋರಾಗಿ ಗುದ್ದಿದ ಮೇಲೆ ಇದು ಜಾಸ್ತಿಯಾಗಿದ್ದರೆ, ಫೋರ್ಕು ಪೆಟ್ಟು ತಿಂದಿರಬಹುದು. ಹ್ಯಾಂಡಲ್ ಕೆಳಗಿನ ಪೈಪಿಗೆ ಫ್ರೇಮ್ ಸೇರುವ ಜಾಗದ ತಳಭಾಗದಲ್ಲಿ ಬಣ್ಣ ಬಿರುಕು ಬಿಟ್ಟಿದೆಯಾ, ಸುಕ್ಕು ಬಿದ್ದಿದೆಯಾ ಬೆರಳಾಡಿಸಿ ನೋಡಿ. ಇದ್ದರೆ ಆ ಸೈಕಲ್ ಹತ್ತಲೇಬೇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಇದೇ ಪರೀಕ್ಷೆ ಹೇಳುತ್ತೇನೆ.

ಫಿಕ್ಸಿ, ಅಂದರೆ ಹಿಂದಿನ ಚಕ್ರದ ಜೊತೆಗೇ ಪೆಡಲ್ ತಿರುಗುವ ಸೈಕಲ್, ಓಡಿಸುವ ಹುಡುಗರು ಇದನ್ನು ಓದುತ್ತಿದ್ದರೆ, ಮೇಲಿನ ಸಮಾಧಾನ ನಿಮಗಲ್ಲ. ನಿಮ್ಮ ಪೆಡಲ್ ನಿಲ್ಲುವುದೂ ಇಲ್ಲ, ಹಿಂದಕ್ಕೆ ಸುಮ್ಮನೆ ತಿರುಗುವುದೂ ಇಲ್ಲ. ಅರ್ಧ ಪೆಡ್ಲು ಅಲ್ಲಿ ನಡೆಯದು. ಕಾಲು ತಾಗುವ ಫಿಕ್ಸಿಯನ್ನು ಊರೊಳಗಿನ ಸಂಚಾರಕ್ಕೆ ತರಬೇಡಿ.

ಕೊನೆಗೆ ಆ ಫೋರ್ಕು. ಕಬ್ಬಿಣದ ಫೋರ್ಕನ್ನೇ ಎಳೆದು ಮುಂದೆ ತಂದರೆ ಹ್ಯಾಂಡಲ್ ನಡತೆ ಕೆಡುತ್ತದೆ, ಲೋಹ ದಣಿಯುತ್ತದೆ. ನಿಮ್ಮದು ಕಾರ್ಬನ್. ಅದು ಬಗ್ಗುವುದಿಲ್ಲ, ಮುರಿಯುತ್ತದೆ. ಒಳಗೊಳಗೇ ಬಿರುಕು ಬಿಟ್ಟು ಹೊರಗೆ ಏನೂ ಕಾಣದೆ ಇದ್ದು, ಬೆಟ್ಟ ಇಳಿಯುವಾಗ ಮುರಿದರೆ ಆಗ ನಿಮ್ಮ ಭಯ ನಿಜವಾಗುತ್ತದೆ. ಯಜಮಾನರ ಸ್ನೇಹಿತರಿಗೆ ಬೇಜಾರು ಮಾಡಬೇಡಿ. ಅವರ ಹತ್ತಿರ ಅಲೆನ್ ಕೀ ಇದ್ದೇ ಇರುತ್ತದೆ, ಮುಂದಿನ ಮಡ್‌ಗಾರ್ಡ್ ಬಿಚ್ಚುವ ಕೆಲಸ ಅವರಿಗೇ ಕೊಡಿ.